ಕೈಗಡವೂ ದಾಸೋಹವೂ

(೨೦೨೫ನೆಯ ಇಸವಿಯ ಕಾರ್ತೀಕ ಮಾಸದ ಶಿವಾನುಭವ ಗೋಷ್ಠಿಯಲ್ಲಿ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ವ್ಯಾಪಾರಸ್ಥ ಭಕ್ತರನ್ನುದ್ದೇಶಿಸಿ ಶ್ರೀಗಳವರು ದಯಪಾಲಿಸಿದ ಆಶೀರ್ವಚನ)



ಈ ಹೊತ್ತು ಈ ಮಂಟಪದಲ್ಲಿ ಕೂತವರಲ್ಲಿ ಹೆಚ್ಚಿನವರು ವ್ಯಾಪಾರಸ್ಥರು. ಅಡತಿಯವರಿದ್ದಾರೆ, ದಾಲ್ ಮಿಲ್ಲಿನವರಿದ್ದಾರೆ, ಬಟ್ಟೆಯವರು, ಕಿರಾಣಿಯವರು, ಬೀಜ-ಗೊಬ್ಬರದವರು ಇದ್ದಾರೆ. ಹಿಂದಿನ ಸಾಲಿನಲ್ಲಿ ಸಂತೆ ವ್ಯಾಪಾರ ಮಾಡುವ ತಾಯಂದಿರೂ ಕೂತಿದ್ದಾರೆ. ಅವರು ಹಿಂದೆ ಕೂತದ್ದು ನಮಗೆ ಸರಿಕಾಣಲಿಲ್ಲ; ಕರೆದರೆ ಮುಂದೆ ಬರಲೊಲ್ಲರು. ಇಂದಿನ ಮಾತು ಅವರನ್ನು ಕುರಿತದ್ದೇ ಆದುದರಿಂದ ಅವರಿಗೆ ಕೇಳುವಂತೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇವೆ.

ಮೊನ್ನೆ ದೀಪಾವಳಿಗೆ ನೀವೆಲ್ಲ ಹೊಸ ಕಿರ್ದಿಗೆ ಪೂಜೆ ಮಾಡಿದ್ದೀರಿ. ಈಗ ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಗಿದೆಯೆಂದು ನಮಗೂ ಗೊತ್ತು. ಆದರೂ ಪೂಜೆಗೆ ಕಿರ್ದಿಯೇ ಬೇಕು, ಕಂಪ್ಯೂಟರಿಗೆ ವಿಭೂತಿ ಹಚ್ಚಿದವರನ್ನು ನಾವಿನ್ನೂ ಕಂಡಿಲ್ಲ. ಮೊದಲ ಪುಟದ ಮೇಲೆ 'ಶ್ರೀ' ಎಂದು ಬರೆದಿರಿ, ಕುಂಕುಮ ಇಟ್ಟಿರಿ. ಎರಡನೆಯ ಪುಟದಿಂದ ಏನು ಬರೆದಿರಿ? ಹಳೆಯ ಬಾಕಿಯನ್ನು ಇಳಿಸಿಕೊಂಡಿರಿ. ನಾವಿಂದು ಮಾತಾಡಬೇಕಾಗಿರುವುದು ಆ ಎರಡನೆಯ ಪುಟದ ಕುರಿತಾಗಿ.

ಮೂರು ತಾಲೂಕಿನವರು ಒಂದೆಡೆ ಸೇರಿದ್ದೀರಿ. ಈ ಮೂರನ್ನು ಸರಕಾರವು ಬೇರೆ ಬೇರೆ ಮಾಡಿದೆ, ನೀರು ಒಂದು ಮಾಡಿದೆ. ಆಳಂದ ಸೀಮೆಯ ಅಮರ್ಜಾ ನದಿಯು ಅಫಜಲಪುರ ತಾಲೂಕಿನ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುತ್ತದೆ. ಆ ಭೀಮೆಯೇ ಮುಂದೆ ಜೇವರ್ಗಿ ಸೀಮೆಯನ್ನು ಹಾಯ್ದು ಹೋಗುತ್ತಾಳೆ. ನೀರಿನಂತೆಯೇ ಉದ್ರಿಯ ಹಾದಿಯೂ ಒಂದೇ ಆಗಿದೆ.

ಉದ್ರಿಯೆಂದರೆ ಪೇಟೆಯಲ್ಲಿ ಮೂಗು ಮುರಿಯುತ್ತಾರೆ. 'ಇಂದು ನಗದು, ನಾಳೆ ಉದ್ರಿ' ಎಂದು ಹಲಗೆ ತೂಗುಹಾಕಿದ ಅಂಗಡಿಗಳನ್ನು ನಾವು ನೋಡಿದ್ದೇವೆ. ಆ ಹಲಗೆಯ ಕೆಳಗೇ ಕೂತು ಸಾಹುಕಾರರು ಉದ್ರಿ ಬರೆದುಕೊಳ್ಳುವುದನ್ನೂ ನೋಡಿದ್ದೇವೆ. ಬರೆದುಕೊಳ್ಳದೆ ಗತ್ಯಂತರವಿಲ್ಲ. ನಮ್ಮ ಸೀಮೆಯ ಬದುಕು ತೊಗರಿಯ ಮೇಲೆ ನಿಂತಿದೆ. ಜೂನ್, ಜುಲೈ ತಿಂಗಳಲ್ಲಿ ಬಿತ್ತಿದ ತೊಗರಿ ರಾಶಿಯಾಗುವುದು ಡಿಸೆಂಬರ್, ಜನವರಿಗೆ. ನಡುವಿನ ಆರು ತಿಂಗಳು ಹೊಲದಲ್ಲಿ ಬೆಳೆ ಇರುತ್ತದೆ, ಕೈಯಲ್ಲಿ ದುಡ್ಡಿರುವುದಿಲ್ಲ. ಆ ಆರು ತಿಂಗಳು ರೈತನೂ ಕೂಲಿಕಾರನೂ ಊರ ಕಿರಾಣಿ ಅಂಗಡಿಯಿಂದ ಎಣ್ಣೆ, ಸಕ್ಕರೆ, ಚಹಾಪುಡಿ ಉದ್ರಿ ಒಯ್ಯುತ್ತಾನೆ. ಊರ ಕಿರಾಣಿಯವನು ತಾಲೂಕಿನ ಹೋಲ್‌ಸೇಲ್ ಅಂಗಡಿಯಿಂದ ಉದ್ರಿ ಒಯ್ಯುತ್ತಾನೆ. ಹೋಲ್‌ಸೇಲಿನವನು ಕಲಬುರಗಿಯಲ್ಲೋ ಸೊಲ್ಲಾಪುರದಲ್ಲೋ ಮುದ್ದತಿನ ಮೇಲೆ ಸರಕು ಎತ್ತುತ್ತಾನೆ. ತೊಗರಿ ಅಡತಿಗೆ ಬಂದು, ಲಿಲಾವು ಆಗಿ, ರೈತನ ಕೈಗೆ ಹಣ ಬಂದ ದಿನ ಈ ಸರಪಳಿಯು ಕೆಳಗಿನಿಂದ ಮೇಲಕ್ಕೆ ಕೊಂಡಿ ಕೊಂಡಿಯಾಗಿ ಬಿಚ್ಚಿಕೊಳ್ಳುತ್ತದೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ರೈತನ ಮುಖ ನೋಡಿದರೆ ಆ ವರ್ಷದ ಪೇಟೆ ಹೇಗೆಂದು ಹೇಳಿಬಿಡಬಹುದು.

೨೦೧೯ರಲ್ಲಿ ನಮ್ಮ ಸೀಮೆಯ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಮನ್ನಣೆ ಬಂದಿತು. ಎಲ್ಲರಿಗೂ ಸಂತೋಷವಾಯಿತು. ಮೂರು ವರುಷ ಕಳೆಯುವಷ್ಟರಲ್ಲಿ, ೨೦೨೨ರ ಹಂಗಾಮಿನಲ್ಲಿ ಅದೇ ತೊಗರಿಗೆ ನೆಟೆ ರೋಗ ಬಿದ್ದು, ಕಾಯಿ ಕಟ್ಟುವ ಹೊತ್ತಿಗೆ ನಿಂತ ಗಿಡ ನಿಂತಲ್ಲೇ ಒಣಗಿತು. ಸರಕಾರ ಪರಿಹಾರ ಕೊಟ್ಟಿತು. ಕೊಡಬೇಕಾದದ್ದೇ. ಆದರೆ ಬೆಳೆ ಪರಿಹಾರ ಬರುವುದು ಹೆಕ್ಟೇರಿನ ಲೆಕ್ಕದಲ್ಲಿ. ರೈತನಿಗೆ ಆರು ತಿಂಗಳು ಎಣ್ಣೆ-ಸಕ್ಕರೆ ಕೊಟ್ಟ ಅಂಗಡಿಯವನಿಗೆ ಹೆಕ್ಟೇರು ಎಲ್ಲಿಯದು? ದರ್ಜಿಗೆ, ಬಳೆ ಮಾರುವವಳಿಗೆ, ಬಸ್ ನಿಲ್ದಾಣದ ಮುಂದೆ ಚಹಾ ಕಾಸುವವನಿಗೆ ಎಷ್ಟು ಎಕರೆ ಎಂದು ತಲಾಠಿ ಬರೆದುಕೊಂಡಾನು? ಬೆಳೆ ಕೆಟ್ಟರೆ ಅವರ ಬದುಕೂ ಕೆಡುತ್ತದೆ, ಆದರೆ ಯಾವ ಪಹಣಿಯಲ್ಲೂ ಅದು ಕಾಣುವುದಿಲ್ಲ. ಅದು ಕಾಣುವುದು ನಿಮ್ಮ ಕಿರ್ದಿಯಲ್ಲಿ ಮಾತ್ರ. ಆದುದರಿಂದಲೇ ಈ ಮಾತನ್ನು ಸರಕಾರದ ಮುಂದೆ ಹೇಳುವುದಕ್ಕಿಂತ ಮೊದಲು ನಿಮ್ಮ ಮುಂದೆ ಹೇಳಬೇಕಾಗಿದೆ.

ಈಗ ೨೦೨೦ನೆಯ ಇಸವಿಯನ್ನು ನೆನೆಯಿರಿ. ದೇಶದಲ್ಲಿ ಕೊರೋನಾದ ಮೊದಲ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು, ಮಾರ್ಚ್ ತಿಂಗಳಲ್ಲಿ. ಅದೇ ತಿಂಗಳ ೨೫ಕ್ಕೆ ದೇಶವೆಲ್ಲ ಬಾಗಿಲು ಹಾಕಿತು. ಗಾಣಗಾಪುರದಲ್ಲಿ ದತ್ತನ ಗುಡಿಯ ಬಾಗಿಲೂ ಮುಚ್ಚಿತು. ಹುಣ್ಣಿಮೆ, ಅಮಾವಾಸ್ಯೆಗಳ ಜನಸಂದಣಿಯನ್ನೇ ನಂಬಿದ ಕಾಯಿ-ಹೂವಿನವರು, ಫೋಟೋ-ಮಾಲೆಯವರು, ಖಾನಾವಳಿಯವರು ಬರಿಗೈಯಲ್ಲಿ ಕೂತರು. ಮಧ್ಯಾಹ್ನದ ಮಧುಕರಿಗೆ ಹೆಸರಾದ ಊರದು. ಆ ಊರಿನಲ್ಲಿ ಬೇಡುವವರೂ ಇಲ್ಲ, ನೀಡುವವರೂ ಇಲ್ಲವೆಂಬಂತಾಯಿತು. ಬೇಸಿಗೆ ಹೋಗಿ ಮಳೆಗಾಲ ಬಂದು, ಜನ ಮೆಲ್ಲಗೆ ಅಂಗಡಿ ತೆರೆದು ಬಾಕಿ ತಂದು ಸರಕು ತುಂಬಿದರು. ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ, ವೀರ ಜಲಾಶಯಗಳಿಂದ ಬಿಟ್ಟ ನೀರೂ ಇಲ್ಲಿಯ ಮಳೆಯೂ ಕೂಡಿ ಭೀಮೆ ಉಕ್ಕಿದಳು. ಸೊನ್ನ ಬ್ಯಾರೇಜಿನ ಕೆಳಗಿನ ಊರುಗಳಲ್ಲಿ ಜನ ದನಕರು ಬಿಚ್ಚಿಕೊಂಡು ಎತ್ತರಕ್ಕೆ ಓಡಿದರು. ಏಳು ತಿಂಗಳಲ್ಲಿ ಎರಡು ಏಟು. ಮೊದಲ ಏಟಿಗೆ ವ್ಯಾಪಾರ ನಿಂತಿತು, ಎರಡನೆಯ ಏಟಿಗೆ ಸರಕೇ ಹೋಯಿತು. ಸರಕು ನಿಮ್ಮದು, ಉದ್ರಿಯದು.

ನೀರು ಇಳಿದ ಮೇಲೆ ನಾವು ಹೊಳೆಸಾಲಿನ ಹಳ್ಳಿಗಳಿಗೆ ಹೋಗಿದ್ದೆವು. ಒಂದು ಹಳ್ಳಿಯಲ್ಲಿ ಬಳೆ ಮಾರುವ ತಾಯಿಯೊಬ್ಬಳು ಶಾಲೆಯ ಜಗುಲಿಯ ಮೇಲಿದ್ದಳು. ಮಗ್ಗುಲಲ್ಲಿ ಮೂರು ಚೀಲ ಅಕ್ಕಿ. ಮೂರು ಕಡೆಯಿಂದ ಬಂದವು. ಒಂದರ ಮೇಲೆ ನಮ್ಮ ಮಠದ ಮುದ್ರೆಯೂ ಇತ್ತು. ಕೊಟ್ಟವರೆಲ್ಲ ಅವಳೊಂದಿಗೆ ನಿಂತು ಫೋಟೋ ತೆಗೆಸಿಕೊಂಡು ಹೋಗಿದ್ದರು. ನಾವು 'ತಾಯಿ, ಎಲ್ಲ ಬಂದು ಮುಟ್ಟಿತೇ?' ಎಂದು ಕೇಳಿದೆವು. ಅವಳೆಂದಳು: "ಯಪ್ಪಾ, ಅಕ್ಕಿ ಬಂತು, ಬ್ಯಾಳಿ ಬಂತು, ಕೊಟ್ಟವರಿಗೆಲ್ಲಾ ಚಲೋ ಆಗ್ಲಿ. ಖರೇ ನನ್ನ ಬುಟ್ಟ್ಯಾಗ ಬಳಿ ಇಲ್ಲರಿ. ಬಳಿ ಇದ್ದಿದ್ರ ಅಕ್ಕಿ ನಾನೇ ತರ್ತಿದ್ದೆ."

ಕಾಶಿಯಲ್ಲಿ ಓದಿ ಬಂದ ಪಂಡಿತರ ಬಳಿ ನಾವು ವರುಷಗಟ್ಟಲೆ ಪಾಠ ಹೇಳಿಸಿಕೊಂಡೆವು. ಕಾಯಕಕ್ಕೂ ದಾಸೋಹಕ್ಕೂ ಇರುವ ಸಂಬಂಧವನ್ನು ನಾವೇ ಎಷ್ಟೋ ಸಲ ಇದೇ ಪೀಠದಿಂದ ವಿವರಿಸಿದ್ದೇವೆ. ಅವಳ ಆ ಒಂದು ಮಾತಿನ ಮುಂದೆ ನಮ್ಮ ವಿವರಣೆ ಬಲು ತೆಳುವೆನಿಸಿತು.

ಆಯ್ದಕ್ಕಿ ಲಕ್ಕಮ್ಮನವರ ಕಥೆ ನಿಮಗೆಲ್ಲ ಗೊತ್ತು. ಮಾರಯ್ಯನವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದರು. ಲಕ್ಕಮ್ಮನವರು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ತಿರುಗಿ ಕಳಿಸಿದರು. ಈ ಕಥೆಯನ್ನು ನಾವು ಯಾವಾಗಲೂ ತೆಗೆದುಕೊಳ್ಳುವವನಿಗೆ ಬುದ್ಧಿ ಹೇಳಲು ಬಳಸುತ್ತೇವೆ: ಅತಿಯಾಸೆ ಬೇಡ, ಸಂಗ್ರಹ ಬೇಡವೆಂದು. ಕೊಡುವವನ ಕಡೆಯಿಂದ ಅದನ್ನು ಓದುವವರು ಕಡಿಮೆ. ಆ ದಿನ ಅಂಗಳದಲ್ಲಿ ಬೇಕೆಂದೇ ಹೆಚ್ಚು ಅಕ್ಕಿ ಚೆಲ್ಲಿಸಲಾಗಿತ್ತೆಂದು ಹೇಳುವವರೂ ಉಂಟು. ಹಾಗಿದ್ದರೆ ಇಲ್ಲಿ ಉಳ್ಳವನೊಬ್ಬ ಒಳ್ಳೆಯ ಮನಸ್ಸಿನಿಂದಲೇ ಹೆಚ್ಚು ಕೊಟ್ಟ. ಇಲ್ಲದವಳೊಬ್ಬಳು ಅದನ್ನು ಒಲ್ಲೆನೆಂದಳು. ಏಕೆ ಒಲ್ಲೆನೆಂದಳು? ಹೆಚ್ಚಿನ ಅಕ್ಕಿಯು ಅವಳ ಗಂಡನ ಕಾಯಕವನ್ನು ಕಿರಿದು ಮಾಡಿತು. ಆಯುವವನು ಬೇಡುವವನಾದನು. ಬಸವಣ್ಣನವರ ದೊಡ್ಡತನ ಎಲ್ಲಿದೆಯೆಂದರೆ, ತಿರುಗಿ ಬಂದ ಅಕ್ಕಿಯಿಂದ ಅವರು ಮುನಿಸಿಕೊಳ್ಳಲಿಲ್ಲ. ನಮ್ಮಲ್ಲಿ ಅನೇಕರು ಮುನಿಸಿಕೊಳ್ಳುತ್ತೇವೆ. 'ಕೊಟ್ಟರೂ ಇವರಿಗೆ ಸೊಕ್ಕು' ಎನ್ನುತ್ತೇವೆ.

ಜೇವರ್ಗಿಯವರೇ, ನಿಮ್ಮ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ಮಹಾದಾಸೋಹ ನಡೆಸಿದ ಶರಣಬಸವೇಶ್ವರರು ಹೊಲದ ತೆನೆಯನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟರೆಂಬ ಐತಿಹ್ಯವನ್ನು ಹಾಡಿ ಕುಣಿಯುತ್ತೀರಿ. ಹಕ್ಕಿಗೆ ಕಾಳು ಕೊಟ್ಟರೆ ಸಾಕು, ಅದಕ್ಕೆ ರೆಕ್ಕೆ ಇದ್ದೇ ಇದೆ. ಮನುಷ್ಯನಿಗೆ ಕಾಳಿನ ಜೊತೆ ರೆಕ್ಕೆಯನ್ನೂ ತಿರುಗಿ ಕೊಡಬೇಕಾಗುತ್ತದೆ.

ಈಗ ಇನ್ನೊಂದು ಸಂಗತಿ. ಅದೇ ಹೊಳೆಸಾಲಿನ ದರ್ಜಿಯೊಬ್ಬನ ಮಾತು. ಅವನ ಎರಡು ಹೊಲಿಗೆ ಯಂತ್ರಗಳು ಕೆಸರಿನಲ್ಲಿ ಹೂತಿದ್ದವು. ನೋಡಲು ಬಂದವರೆಲ್ಲ ಯಂತ್ರದ ಚಿಂತೆ ಮಾಡಿದರು. ಅವನಿಗೆ ಯಂತ್ರದ ಚಿಂತೆ ಅಷ್ಟಿರಲಿಲ್ಲ. ತೊಳೆದು ಎಣ್ಣೆ ಬಿಟ್ಟರೆ ಒಂದಾದರೂ ನಡೆದೀತೆಂದು ಅವನಿಗೆ ಗೊತ್ತಿತ್ತು. ಅವನನ್ನು ಕೊಲ್ಲುತ್ತಿದ್ದದ್ದು ಬೇರೆ. ದೀಪಾವಳಿಗೆಂದು, ಮದುವೆಗೆಂದು ಜನ ಹೊಲಿಯಲು ಕೊಟ್ಟ ಬಟ್ಟೆಗಳೆಲ್ಲ ನೀರಿನಲ್ಲಿ ಹೋಗಿದ್ದವು. ಕೊಟ್ಟವರೂ ನೀರಿನಲ್ಲಿ ಬಿದ್ದವರೇ. ಅವರು ಬಂದು ಏನೂ ಅನ್ನುತ್ತಿರಲಿಲ್ಲ, ಸುಮ್ಮನೆ ಅಂಗಡಿಯ ಮುಂದೆ ನಿಂತು ಹೋಗುತ್ತಿದ್ದರು. ಬೈದಿದ್ದರೆ ಚಲೋ ಇತ್ತೆಂದು ಅವನು ನಮ್ಮೆದುರು ಅತ್ತನು. ಊರು ಬಿಟ್ಟು ಪುಣೆಗೆ ದುಡಿಯಲು ಹೋಗುವುದೆಂದು ಗಂಡ-ಹೆಂಡತಿ ನಿಶ್ಚಯ ಮಾಡಿದ್ದರು.

ತಾಲೂಕಿನ ಬಟ್ಟೆ ವ್ಯಾಪಾರಸ್ಥರೊಬ್ಬರಿಗೆ ಈ ಸುದ್ದಿ ಮುಟ್ಟಿತು. ಅವರ ಹೆಸರು ಹೇಳಬಾರದೆಂದು ಅವರೇ ಕೈಮುಗಿದು ಕೇಳಿಕೊಂಡಿದ್ದಾರೆ, ಇಲ್ಲಿಯೇ ಕೂತಿದ್ದಾರೆ. ಅವರು ಮಾಡಿದ್ದು ಇಷ್ಟು. ದರ್ಜಿಯನ್ನು ಕರೆಸಿ, ಯಾರ ಯಾರದು ಎಂಥ ಬಟ್ಟೆ, ಎಷ್ಟು ಮೀಟರು ಎಂದು ನೆನಪಿನಿಂದ ಹೇಳಿಸಿ ಬರೆದುಕೊಂಡರು. ಅದರಲ್ಲಿ ಬಹುಪಾಲು ಅವರ ಅಂಗಡಿಯಿಂದಲೇ ಹೋದ ಬಟ್ಟೆ. ಅಷ್ಟನ್ನೂ ಮತ್ತೆ ಅಳೆದು ಕೊಟ್ಟರು. ದಾನವಾಗಿ ಕೊಡಲಿಲ್ಲ, ಕೊಂಡ ದರಕ್ಕೆ, ಲಾಭವಿಲ್ಲದೆ, ಅವನ ಹೆಸರಿಗೆ ಬರೆದು, ಮುಂದಿನ ತೊಗರಿ ರಾಶಿಯ ತನಕ ಮುದ್ದತು ಕೊಟ್ಟರು. ಹಳೆಯ ಬಾಕಿಯಿದ್ದ ಪುಟವನ್ನು ಬೇರೆ ಮಾಡಿ, ಅದಕ್ಕೆ ಬಡ್ಡಿ ಹಿಡಿಯುವುದಿಲ್ಲ, ಹೊಸ ಲೆಕ್ಕ ಸರಳವಾಗುವವರೆಗೆ ಅದನ್ನು ಕೇಳುವುದೂ ಇಲ್ಲವೆಂದರು. ಶಾಲೆಗಳು ತೆರೆದ ಮೇಲೆ ಸಮವಸ್ತ್ರದ ಬಟ್ಟೆ ಕೊಂಡವರನ್ನು ಅವನ ಕಡೆಗೆ ಕಳಿಸಿದರು. ದರ್ಜಿ ಪುಣೆಗೆ ಹೋಗಲಿಲ್ಲ. ಹೊಸ ಲೆಕ್ಕ ಮುಗಿಸಲು ಒಂದು ವರುಷವಲ್ಲ, ಎರಡು ವರುಷ ಹಿಡಿಯಿತು. ಹಳೆಯ ಪುಟದಲ್ಲಿ ಇಂದಿಗೂ ಸ್ವಲ್ಪ ಉಳಿದಿದೆ. 'ಅದು ಉಳಿದದ್ದಕ್ಕೇ ಅವನು ನನ್ನ ಅಂಗಡಿ ಬಿಟ್ಟು ಹೋಗಿಲ್ಲರಿ' ಎಂದು ಆ ವ್ಯಾಪಾರಸ್ಥರು ನಗುತ್ತಾರೆ. ಇರಲಿ, ವ್ಯಾಪಾರಿಯಾದವನು ಸ್ವಲ್ಪ ವ್ಯಾಪಾರ ಮಾಡಲೇಬೇಕು.

ಇಲ್ಲಿ ಅವರ ಕಿಸೆಯಿಂದ ಹೋದದ್ದು ಬಹಳವಲ್ಲ. ಒಂದು ಹಂಗಾಮಿನ ಲಾಭ, ಎರಡು ವರುಷದ ಬಡ್ಡಿ. ಅಕ್ಕಿಯ ಚೀಲ ಹಂಚಿದವರು ಅದಕ್ಕಿಂತ ಹೆಚ್ಚು ಖರ್ಚು ಮಾಡಿರಬಹುದು. ಆದರೆ ಅಕ್ಕಿ ಕೊಟ್ಟವರಿಗೆ ಅವನ ಹಸಿವು ಗೊತ್ತಿತ್ತು. ಇವರಿಗೆ ಅವನ ವ್ಯವಹಾರ ಗೊತ್ತಿತ್ತು. ಅವನು ಯಾರಿಗೆ ಏನು ಕೊಡಬೇಕು, ಎಲ್ಲಿ ಸಿಕ್ಕಿಕೊಂಡಿದ್ದಾನೆ, ಯಾವ ತಿಂಗಳಲ್ಲಿ ಅವನ ಕೈಗೆ ದುಡ್ಡು ಬರುತ್ತದೆ ಎಂಬುದನ್ನು ಜಿಲ್ಲಾಧಿಕಾರಿಗಳು ಅರಿಯರು, ಸ್ವಾಮಿಗಳು ಅರಿಯರು, ಬ್ಯಾಂಕಿನ ಮ್ಯಾನೇಜರೂ ಅರಿಯರು. ಅರಿತವರು ನೀವು. ಈ ಅರಿವಿನ ಋಣ ನಿಮ್ಮ ಮೇಲಿದೆ.

ಮಠದ ತಪ್ಪನ್ನೂ ಹೇಳಿಬಿಡುತ್ತೇವೆ. ಬರೀ ನಿಮಗೆ ಬುದ್ಧಿ ಹೇಳಿ ಕೂತರೆ ಆಗದು. ಆ ಪ್ರವಾಹದ ಮರುವರುಷ ನಮ್ಮ ಜಾತ್ರೆಗೆ ಎಂದಿನಂತೆ ಪಟ್ಟಿ ಎತ್ತಿದರು. ನಮ್ಮವರು ಹಳೆಯ ಯಾದಿಯನ್ನೇ ಹಿಡಿದು ಅಂಗಡಿಯಿಂದ ಅಂಗಡಿಗೆ ಹೋದರು. ನೀರು ಹೊಕ್ಕ ಅಂಗಡಿ, ಹೊಗದ ಅಂಗಡಿ ಎಂದು ನೋಡಲಿಲ್ಲ. ಚಹಾ ಅಂಗಡಿಯವನೊಬ್ಬ ಭಿಶಿ ಎತ್ತಿ ಮಠದ ಪಟ್ಟಿ ತುಂಬಿದನು. ನಮಗೆ ತಿಳಿದದ್ದು ವರುಷದ ಮೇಲೆ. ಕರೆಸಿ, ಹಣವನ್ನು ತಿರುಗಿ ತೆಗೆದುಕೋ ಎಂದೆವು. "ದೇವರಿಗಿ ಕೊಟ್ಟಿದ್ದು ತಿರುಗಿ ಒಯ್ದರ ಪಾಪ ಬರ್ತದರಿ ಯಪ್ಪಾ" ಎಂದು ಹಿಂದೆ ಸರಿದನು. ಅವನ ಹಟದ ಮುಂದೆ ನಮ್ಮ ಮಾತು ನಡೆಯಲಿಲ್ಲ. ಕಡೆಗೆ ಜಾತ್ರೆಯ ಐದು ದಿನದ ಚಹಾದ ಕೆಲಸವನ್ನು ಅವನಿಗೇ ಒಪ್ಪಿಸಿದೆವು. ಅದಕ್ಕೆ ಒಪ್ಪಿದನು, ದರದಲ್ಲಿ ಚೌಕಾಶಿಯನ್ನೂ ಮಾಡಿದನು! ಆಗ ನಮಗೆ ಸಮಾಧಾನವಾಯಿತು. ಚೌಕಾಶಿ ಮಾಡುವವನು ಎದ್ದು ನಿಂತಿದ್ದಾನೆಂದು ಅರ್ಥ.

ನಮ್ಮ ಹಿರಿಯ ಗುರುಗಳು ೧೯೭೨ರ ಬರದ ಮಾತನ್ನು ಹೇಳುತ್ತಿದ್ದರು. ಆಗ ನಾವು ಇನ್ನೂ ತೊಟ್ಟಿಲ ಕೂಸು. ಗಂಜಿಯಿಂದ ಜನ ಉಳಿದರು, ಬೀಜದ ಕೈಗಡದಿಂದ ಊರು ಉಳಿಯಿತು ಎಂಬುದು ಅವರ ಮಾತು. ಕಾಳು ಕೈಗಡ ಒಯ್ದವನು ರಾಶಿಗೆ ಸವಾಯಿ ಸೇರಿಸಿ ತಿರುಗಿ ಅಳೆಯಬೇಕೆಂಬುದು ಅಂದಿನ ರೂಢಿ. ಒಂದು ಚೀಲಕ್ಕೆ ಒಂದೂಕಾಲು. ಆ ವರುಷ ಸವಾಯಿ ಬೇಡ, ಒಯ್ದಷ್ಟನ್ನೇ ತಾ ಎಂದ ಸಾಹುಕಾರರ ಮನೆಗಳನ್ನು ಗುರುಗಳು ಬೆರಳು ಮಡಿಸಿ ಎಣಿಸುತ್ತಿದ್ದರು. ಹೆಚ್ಚಿರಲಿಲ್ಲ. ಒಂದು ಕೈಯ ಬೆರಳು ಸಾಕಾಗುತ್ತಿದ್ದವು.

ಇದು ಇಂದಿನ ಹೊಸ ಧರ್ಮವೇನೂ ಅಲ್ಲ. 'ಶೆಟ್ಟಿ' ಎಂಬ ಮಾತು ಸಂಸ್ಕೃತದ 'ಶ್ರೇಷ್ಠಿ'ಯಿಂದ ಬಂದದ್ದು. ಹಣವುಳ್ಳವನೆಂಬುದು ಅದಕ್ಕೆ ಆಮೇಲೆ ಬಂದ ಅರ್ಥ. ಹಿಂದೆ ವಣಿಜರ ಸಂಘದ ಮುಂದಾಳುವಿಗೆ ಆ ಹೆಸರಿತ್ತು. ಆ ಸಂಘಕ್ಕೆ 'ಶ್ರೇಣಿ' ಎನ್ನುತ್ತಿದ್ದರು. ಯಾಜ್ಞವಲ್ಕ್ಯ ಸ್ಮೃತಿಯು ಶ್ರೇಣಿಗೆ ತನ್ನವರ ವ್ಯಾಜ್ಯವನ್ನು ತೀರಿಸುವ ಅಧಿಕಾರವನ್ನೂ ಹೇಳುತ್ತದೆ. ನಮ್ಮ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರು ದಕ್ಷಿಣ ದೇಶವೆಲ್ಲ ವ್ಯಾಪಾರ ಮಾಡಿದವರು. ಅವರು ತಮ್ಮ ನಡತೆಯ ಕಟ್ಟಳೆಗೆ ಬಣಂಜು ಧರ್ಮವೆಂದೇ ಹೆಸರಿಟ್ಟರು, ಹೇರಿಗೆ ಇಷ್ಟೆಂದು ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡು ಧರ್ಮಕ್ಕೆ ಬಿಟ್ಟದ್ದನ್ನು ಶಾಸನಗಳಲ್ಲಿ ಕಾಣಬಹುದು. ಗದಗ ಸೀಮೆಯ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶಕ್ಕೆ ಅದೇ ಮೊದಲನೆಯದು. ಒಬ್ಬರನ್ನೊಬ್ಬರು ಬಲ್ಲವರು ಒಬ್ಬರಿಗೊಬ್ಬರು ಆಧಾರವಾಗಿ ನಿಲ್ಲುವುದೇ ಅದರ ಬುನಾದಿ.

ಬಾಂಗ್ಲಾ ದೇಶದ ಮುಹಮ್ಮದ್ ಯೂನುಸ್ ಎಂಬವರ ಸುದ್ದಿಯನ್ನು ನಿಮ್ಮಲ್ಲಿ ಓದಿದವರು ಓದಿರುತ್ತೀರಿ. ೧೯೭೬ರಲ್ಲಿ ಅವರು ಜೋಬ್ರಾ ಎಂಬ ಹಳ್ಳಿಯಲ್ಲಿ ಸಾಲಗಾರರ ಕೈಯಲ್ಲಿ ಸಿಕ್ಕಿದ್ದ ೪೨ ಜನ ಬಡವರಿಗೆ, ಬಿದಿರಿನ ಕೆಲಸದವರೇ ಮೊದಲಾದವರಿಗೆ, ತಮ್ಮ ಕಿಸೆಯಿಂದ ಕೈಗಡ ಕೊಟ್ಟರು. ೪೨ ಜನಕ್ಕೂ ಕೂಡಿ ಬೇಕಾದದ್ದು ೨೭ ಡಾಲರು! ಅದರಿಂದ ಬ್ಯಾಂಕು ಬೆಳೆಯಿತು, ೨೦೦೬ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂದಿತು. ಆದರೆ ಚಿಕ್ಕ ಸಾಲವೆಂಬ ಅದೇ ಮಾತು ನಮ್ಮ ನಾಡಿನಲ್ಲಿ ಏನಾಯಿತೆಂಬುದನ್ನೂ ಕಂಡಿರಿ. ವಾರದ ಕಂತು ತಪ್ಪಿದರೆ ಮನೆಯ ಮುಂದೆ ಬಂದು ನಿಲ್ಲುವವರು, ಮಾನ ಕಳೆಯುವವರು ಹೆಚ್ಚಿ, ಜನ ಊರು ಬಿಟ್ಟರು, ಕೆಲವರು ಜೀವವನ್ನೇ ಬಿಟ್ಟರು. ೨೦೨೫ರ ಫೆಬ್ರವರಿಯಲ್ಲಿ ರಾಜ್ಯ ಸರಕಾರವು ಇದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ನಾವು ಕೇಳುವುದೇನೆಂದರೆ, ಆ ತಾಯಂದಿರು ಅಲ್ಲಿಗೆ ಏಕೆ ಹೋದರು? ಎಷ್ಟೋ ಜನ ಹೋದದ್ದು ಪೇಟೆಯಲ್ಲಿ ಉದ್ರಿ ನಿಂತ ಮೇಲೆ. ನೀವು ಬಾಗಿಲು ಹಾಕಿದ ದಿನ ಮೀಟರ್ ಬಡ್ಡಿಯವನ ಬಾಗಿಲು ತೆರೆದಿರುತ್ತದೆ. ಹೀಗೆ ಬಡ್ಡಿ ತಿನ್ನುವವರಲ್ಲಿ ಈ ಮಂಟಪಕ್ಕೆ ನಡೆದುಕೊಳ್ಳುವವರೂ ಇದ್ದಾರೆಂದು ನಮ್ಮ ಕಿವಿಗೆ ಬಿದ್ದಿದೆ. ಹೆಸರು ನಮಗೆ ಬೇಡ. ಅಂಥವರು ಮಠಕ್ಕೆ ತಂದ ಕಾಣಿಕೆ ನಮಗೆ ಭಾರವಾಗಿದೆ ಎಂಬುದನ್ನು ಮಾತ್ರ ತಿಳಿಸುತ್ತೇವೆ.

ಸರಕಾರದ ಸಾಲಗಳೂ ಇವೆ. ೨೦೧೫ರಲ್ಲಿ ಮುದ್ರಾ ಯೋಜನೆ ಬಂದಿತು. ೨೦೨೦ರ ಜೂನ್‌ನಲ್ಲಿ ಬೀದಿ ವ್ಯಾಪಾರಿಗಳಿಗೆಂದು ಸ್ವನಿಧಿ ಯೋಜನೆ ಬಂದಿತು. ಆಗ ಮೊದಲ ಸಲಕ್ಕೆ ಹತ್ತು ಸಾವಿರ, ಅದನ್ನು ತೀರಿಸಿದರೆ ಮುಂದೆ ಇಪ್ಪತ್ತು, ಐವತ್ತು ಎಂದಿತ್ತು. ೨೦೨೫ರಲ್ಲಿ ಮೊದಲ ಕಂತನ್ನು ಹದಿನೈದು ಸಾವಿರಕ್ಕೆ ಏರಿಸಿದ್ದಾರೆ. ಹಣವಿದೆ, ಆದರೆ ತಳ್ಳುಗಾಡಿಯವನಿಗೂ ಪುರಸಭೆಯ ಕಾಗದಕ್ಕೂ ನಡುವೆ ಒಂದು ಮೇಜು ಇದೆ. ಆ ಮೇಜನ್ನು ದಾಟುವುದು ಅವನಿಗೆ ಭೀಮೆಯನ್ನು ದಾಟಿದಂತೆಯೇ. ಲಾಕ್‌ಡೌನಿನ ಮರುತಿಂಗಳುಗಳಲ್ಲಿ ನಮ್ಮ ಭಕ್ತರಾದ ಕೆಲವು ತರುಣ ವ್ಯಾಪಾರಸ್ಥರು ತಮ್ಮ ಅಂಗಡಿಯ ಗುಮಾಸ್ತನನ್ನು ವಾರಕ್ಕೆ ಒಂದು ದಿನ ಇದಕ್ಕೆಂದೇ ಬಿಟ್ಟುಕೊಟ್ಟರು. ಅವನು ಅರ್ಜಿ ತ��ಂಬಿದನು, ಆಧಾರ್ ಕಾಗದ ಜೋಡಿಸಿದನು, ಪುರಸಭೆಗೂ ಬ್ಯಾಂಕಿಗೂ ಜೊತೆಯಲ್ಲಿ ಹೋಗಿ ನಿಂತನು. ಒಬ್ಬ ಗುಮಾಸ್ತನ ಒಂದು ದಿನದ ಪಗಾರದಿಂದ ಎಷ್ಟು ಜನ ಮೀಟರ್ ಬಡ್ಡಿಯಿಂದ ಪಾರಾದರು!

ಎದ್ದು ನಿಲ್ಲುವುದು ಒಂದು, ಬೆಳೆಯುವುದು ಇನ್ನೊಂದು. ಎದ್ದು ನಿಲ್ಲಲು ಮುದ್ದತು ಬೇಕು, ಬೆಳೆಯಲು ಗಿರಾಕಿ ಬೇಕು. ಮನೆಯಲ್ಲಿ ಜೋಳದ ರೊಟ್ಟಿ ತಟ್ಟಿ ಖಾನಾವಳಿಗೆ ಕೊಡುತ್ತಿದ್ದ ತಾಯಂದಿರು ಇಂದು ಸಂಘ ಕಟ್ಟಿಕೊಂಡು 'ಕಲಬುರಗಿ ರೊಟ್ಟಿ' ಎಂಬ ಹೆಸರಿನಿಂದ ದೂರದ ಊರುಗಳಿಗೂ ಮಾರುತ್ತಿದ್ದಾರೆ. ಅವರ ರೊಟ್ಟಿ ಬೆಂಗಳೂರಿಗೆ ಹೋಗುವುದು ಹೆಮ್ಮೆಯ ಮಾತು. ನಿಮ್ಮ ಮಗಳ ಮದುವೆಯ ಪಂಕ್ತಿಗೆ ಬರುವುದು ಅದಕ್ಕಿಂತ ಮೊದಲು ಆಗಬೇಕಾದ ಕೆಲಸ. ಸೊಲ್ಲಾಪುರದಿಂದ ಅಡುಗೆಯವರನ್ನು ಕರೆಸಿದವರು ಇಲ್ಲಿ ತಲೆ ತಗ್ಗಿಸುತ್ತಿದ್ದಾರೆ, ಕಾಣುತ್ತಿದೆ.

ಬೆಳೆದವನು ಎದುರಾಳಿಯಾದರೇನು ಗತಿ ಎಂಬ ಅಳುಕು ನಿಮಗಿದೆ. ಅದು ಸುಳ್ಳು ಅಳುಕೂ ಅಲ್ಲ. ಹೋಲ್‌ಸೇಲ್ ವ್ಯಾಪಾರಸ್ಥರೊಬ್ಬರು ತಾವು ಉದ್ರಿ ಕೊಟ್ಟು ಬೆಳೆಸಿದ ಹಳ್ಳಿಯ ಹುಡುಗನು ತಮ್ಮ ಎದುರು ಸಾಲಿನಲ್ಲೇ ಅಂಗಡಿ ಹಾಕಿದನೆಂದು ನಮ್ಮ ಬಳಿ ಬಂದು ನೊಂದುಕೊಂಡರು. "ನಾ ಹಚ್ಚಿದ ಗಿಡ ನನ್ನ ಅಂಗಡಿಗೇ ಅಡ್ಡ ಬೆಳದದರಿ ಅಪ್ಪಾರೆ" ಎಂದರು. ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಪ್ರಸಾದ ಮಾಡಿ ಹೋಗಿರಿ ಎಂದೆವು. ಈಗ ಅವರಿಬ್ಬರೂ ಕೂಡಿ ಒಂದೇ ಲಾರಿಯಲ್ಲಿ ಸರಕು ತರಿಸುತ್ತಾರೆಂದು ಕೇಳಿದ್ದೇವೆ, ಬಾಡಿಗೆ ಅರ್ಧವಾಯಿತಂತೆ. ಮಾತು ಇನ್ನೂ ಸರಿಯಾಗಿ ಆಡುವುದಿಲ್ಲವಂತೆ. ಅಷ್ಟಾದರೂ ಆಯಿತಲ್ಲ.

ಹಿಂದೆ ಕೂತ ತಾಯಂದಿರಿಗೂ ಚಿಕ್ಕ ಅಂಗಡಿಯವರಿಗೂ ಒಂದು ಮಾತುಂಟು. ಮುದ್ದತು ಕೊಟ್ಟ ಅಂಗಡಿಯನ್ನು ಬಿಟ್ಟು, ನಗದು ಕೈಗೆ ಬಂದ ದಿನ ಬೇರೆ ಅಂಗಡಿಗೆ ಹೋಗುವವರು ನಿಮ್ಮಲ್ಲಿದ್ದಾರೆ. ದಾರಿಯಲ್ಲಿ ಸಾಹುಕಾರ ಕಂಡರೆ ಓಣಿ ತಪ್ಪಿಸಿ ನಡೆಯುವವರಿದ್ದಾರೆ. ಹಣವಿಲ್ಲದಿದ್ದರೆ ಹೋಗಿ ಇಲ್ಲವೆಂದು ಹೇಳಿರಿ. ಮುಖ ತೋರಿಸುವುದೇ ಅರ್ಧ ಕಂತು. ಒಬ್ಬನು ತಪ್ಪಿಸಿದರೆ ಅವನ ಹಿಂದೆ ಬರುವ ಹತ್ತು ಜನಕ್ಕೆ ಬಾಗಿಲು ಮುಚ್ಚುತ್ತದೆ.

ಈ ವರುಷದ ಮಾತಿಗೆ ಬರೋಣ. ೨೦೨೫ರ ಸೆಪ್ಟೆಂಬರಿನಲ್ಲಿ ಸೊಲ್ಲಾಪುರದ ಕಡೆಯ ಮಳೆಗೆ ಸೀನಾ ನದಿ ತುಂಬಿ, ಭೀಮೆ ಮತ್ತೆ ಏರಿದಳು. ಜೇವರ್ಗಿಯ ಹಾದಿಯಲ್ಲಿ ಕಟ್ಟಿ ಸಂಗಾವಿಯ ಸೇತುವೆಯ ಮೇಲೆ ಸಂಚಾರ ನಿಂತದ್ದನ್ನು ಕಂಡಿದ್ದೀರಿ. ಹೊಲದಲ್ಲಿ ತೊಗರಿ, ಹತ್ತಿ ನೀರು ನಿಂತು ಕೊಳೆತಿವೆ. ಐದು ವರುಷದ ಹಿಂದೆ ಬಿದ್ದು ಎದ್ದವರೇ ಮತ್ತೆ ಬಿದ್ದಿದ್ದಾರೆ. ಹಳೆಯ ಬಾಕಿ ತೀರುವ ಮೊದಲೇ ಹೊಸ ಬಾಕಿ. ಈ ಸಲದ ರಾಶಿ ಸಣ್ಣದೆಂದು ನಿಮಗೂ ಗೊತ್ತು. ಎಳ್ಳ ಅಮಾವಾಸ್ಯೆ ಮುಗಿದೊಡನೆ ವಸೂಲಿಗೆ ಮನುಷ್ಯರನ್ನು ಕಳಿಸುವ ವಿಚಾರ ಕೆಲವರಲ್ಲಿದೆಯೆಂದೂ ನಮಗೆ ಗೊತ್ತು. ನಿಮಗೂ ಮೇಲಿನವರು ಕೇಳುತ್ತಾರೆ, ಬ್ಯಾಂಕಿನ ಕಂತು ನಿಮಗೂ ಇದೆ. ಅದನ್ನು ಅರಿಯದೆ ಮಾತಾಡುತ್ತಿಲ್ಲ.

ಆದುದರಿಂದ ಬಾಕಿ ಬಿಟ್ಟುಬಿಡಿರೆಂದು ನಾವು ಹೇಳುವುದಿಲ್ಲ. ಬಿಟ್ಟರೆ ಅದು ಅಕ್ಕಿಯ ಚೀಲವಾಗುತ್ತದೆ. ಹೊಳೆಸಾಲಿನ ಅಂಗಡಿಗಳ ಬಾಕಿಯನ್ನು ನಿಮ್ಮ ಹೊಸ ಕಿರ್ದಿಯ ಎರಡನೆಯ ಪುಟದಿಂದ ತೆಗೆದು ಬೇರೆ ಪುಟಕ್ಕೆ ಬರೆಯಿರಿ. ೨೦೨೭ರ ಜನವರಿಯ ರಾಶಿಯ ತನಕ ಅದರ ಮೇಲೆ ಬಡ್ಡಿ ಹಿಡಿಯಬೇಡಿರಿ. ಹೊಸ ಲೆಕ್ಕವನ್ನು ಚಿಕ್ಕದಾಗಿ, ವಾರ ವಾರ ಸರಳ ಮಾಡುವಂತೆ ತೆರೆಯಿರಿ. ಆಳಂದದವರೇ, ನಿಮ್ಮ ಪೇಟೆಗೆ ಭೀಮೆಯ ನೀರು ಬಂದಿಲ್ಲ. ಅಫಜಲಪುರ, ಜೇವರ್ಗಿಯ ಹೋಲ್‌ಸೇಲಿನವರು ಈ ಭಾರವನ್ನು ತಾವೊಬ್ಬರೇ ಹೊರಲಾರರು, ಅವರಿಗೆ ನೀವು ಮುದ್ದತು ಕೊಡಿರಿ. ಯಾರು ಯಾರಿಗೆ ಎಷ್ಟು ಎಂಬ ಯಾದಿ ಮಠಕ್ಕೆ ಬರಬಾರದು. ಅದು ನಿಮ್ಮ ಕಿರ್ದಿಯಲ್ಲಿಯೇ ಇರಲಿ, ಬಡವನ ಸಾಲ ಜಾತ್ರೆಯ ಮಾತಾಗುವುದು ಬೇಡ.

ಮಠದ ಯಾದಿಯನ್ನು ನಾವು ತಿದ್ದಿದ್ದೇವೆ. ಬರುವ ಜಾತ್ರೆಗೆ ನೀರು ಹೊಕ್ಕ ಊರುಗಳ ಯಾವ ಅಂಗಡಿಯಿಂದಲೂ ಪಟ್ಟಿ ಎತ್ತುವಂತಿಲ್ಲ. ತಾವಾಗಿ ತಂದರೂ ತೆಗೆದುಕೊಳ್ಳಬಾರದೆಂದು ನಮ್ಮವರಿಗೆ ಅಪ್ಪಣೆಯಾಗಿದೆ. ದಾಸೋಹದ ಬೆಲ್ಲ, ಎಣ್ಣೆ, ಪತ್ರಾವಳಿ, ಪ್ರಸಾದದ ರೊಟ್ಟಿ, ತೇರಿನ ಬಟ್ಟೆಯ ಹೊಲಿಗೆ ಆ ಊರುಗಳಿಂದಲೇ ಕೊಳ್ಳತಕ್ಕದ್ದು, ನಗದು ಕೊಟ್ಟು. ಬಳೆಯ ಸಾಲಿನಲ್ಲಿ ಮೊದಲ ಜಾಗ ಆ ತಾಯಿಗೆ ಇಟ್ಟಿದ್ದೇವೆ. ಜಾಗದ ಬಾಡಿಗೆ ಎಷ್ಟೆಂದು ಈಗಾಗಲೇ ಕೇಳಿ ಕಳಿಸಿದ್ದಾಳೆ.

ಹೊತ್ತಾಯಿತು. ಪ್ರಸಾದ ಸಿದ್ಧವಾಗಿದೆ. ಹಿಂದಿನ ಸಾಲಿನವರು ಮೊದಲು ಏಳಲಿ.